ತಾಸು, ಕಾಸು ಮತ್ತು ಅವ್ವನ ಕಿವಿ

ಕಳೆದ ಶ್ರಾವಣದ ಒಂದು ಭಾನುವಾರ. ಊಟಕ್ಕೆ ಕರೆದರೆ, ಮಗಳು ಓದುವ ಮೇಜಿನಿಂದ ತಲೆ ಎತ್ತದೆಯೇ, "ಅಜ್ಜಿ, ನನಗ ಇನ್ನ ಒಂದು ತಾಸು ಬೇಕು" ಎಂದಳು. ಅವ್ವ ಎದ್ದು ಒಳಗೆ ಹೋದಳು. ಟ್ರಂಕಿನ ಕೀಲಿ ತೆಗೆದು, ಹತ್ತು ರೂಪಾಯಿಯ ನೋಟೊಂದನ್ನು ತಂದು ಮೊಮ್ಮಗಳ ಪುಸ್ತಕದ ಮೇಲಿಟ್ಟು, "ಒಂದ ಕಾಸಿಗೆ ಈಗಿನ ಕಾಲದಾಗ ಏನ ಬರ್ತದವಾ? ಇದನ್ನ ಇಟಗೋ" ಎಂದಳು. ನಾವೆಲ್ಲ ನಕ್ಕೆವು. ನಮ್ಮ ನಗೆಯನ್ನು ಕಂಡು ಅವ್ವನೂ ನಕ್ಕಳು. ಏತಕ್ಕೆ ನಗುತ್ತಿದ್ದೇವೆಂಬುದು ತಿಳಿಯದೆಯೇ ಅವಳು ನಕ್ಕಿದ್ದಳೆಂದು ನಮಗೆ ಹೊಳೆದದ್ದು ರಾತ್ರಿ ಪಾತ್ರೆ ತೊಳೆಯುವ ಹೊತ್ತಿಗೆ.

ಅವ್ವನಿಗೀಗ 76. ಅಪ್ಪ ತೀರಿಕೊಂಡ ಮೇಲೆ ಗದಗಿನ ಮನೆಗೆ ಬೀಗ ಹಾಕಿ, ಮುಂಬಯಿಯ ನಮ್ಮ ಸರ್ಕಾರಿ ವಸತಿಗೃಹಕ್ಕೆ ಬಂದು ಆರು ವರ್ಷಗಳಾದವು. ನಮ್ಮ ಕಟ್ಟಡದಲ್ಲಿ ಮರಾಠಿಯಿದೆ, ಮಲಯಾಳವಿದೆ, ಬಿಹಾರದ ಹಿಂದಿಯಿದೆ. ಕನ್ನಡ ಮಾತ್ರ ನಮ್ಮ ಬಾಗಿಲೊಳಗೇ ಇದೆ. ಅವ್ವನ ಪಾಲಿಗೆ ಕನ್ನಡವೆಂದರೆ ನಾವು ಮೂವರು ಮತ್ತು ಭಾನುವಾರದ ಸಂಜೆ ಗದಗಿನಿಂದ ಬರುವ ಅವಳ ತಂಗಿಯ ಫೋನು. ಒಂದು ಕಾಲಕ್ಕೆ ಮುಕ್ಕಾಲು ತಾಸು ನಡೆಯುತ್ತಿದ್ದ ಆ ಮಾತು ವರ್ಷವೊಂದರಿಂದ ಕುಗ್ಗುತ್ತ ಬಂದಿತ್ತು. "ಆರಾಮ ಅದೀಯಲ್ಲ? ತಗೋ, ಇವರ ಕೂಡ ಮಾತಾಡು" ಎಂದು ಫೋನನ್ನು ನಮ್ಮ ಕೈಗೆ ದಾಟಿಸಿ ಬಾಲ್ಕನಿಗೆ ಹೋಗಿಬಿಡುತ್ತಿದ್ದಳು. ವಯಸ್ಸಾದಂತೆ ಮನಸ್ಸು ಹಿಂದೆ ಸರಿಯುತ್ತದೆ ಎಂದು ನಾವು ಸಮಾಧಾನ ಹೇಳಿಕೊಂಡಿದ್ದೆವು. ಹಿಂದೆ ಸರಿದದ್ದು ಮನಸ್ಸಲ್ಲ, ಕಿವಿ.

ಕಣ್ಣು ಮಂಜಾದವರಿಗೆ ಕರುಣೆ ಸಿಗುತ್ತದೆ. ಕಿವಿ ಮಂದವಾದವರಿಗೆ ನಗೆ ಸಿಗುತ್ತದೆ. ಕಂಪನಿ ನಾಟಕಗಳ ಕಾಲದಿಂದಲೂ ಕಿವುಡನ ಪಾತ್ರ ಚಪ್ಪಾಳೆಗೆಂದೇ ಇರುವಂಥದು. ಇಂಗ್ಲಿಷ್ ಎಂ.ಎ. ಮಾಡಿದ ನಮಗೆ ಡೇವಿಡ್ ಲಾಜ್ ಅವರ 'ಡೆಫ್ ಸೆಂಟೆನ್ಸ್' (2008) ಕಾದಂಬರಿ ನೆನಪಾಗದೆ ಇರಲಿಲ್ಲ. ಕಿವಿ ಕಳೆದುಕೊಳ್ಳುತ್ತಿರುವ ನಿವೃತ್ತ ಭಾಷಾಶಾಸ್ತ್ರದ ಪ್ರಾಧ್ಯಾಪಕನೊಬ್ಬನ ಕಥೆಯದು. ಓದುವಾಗ ಹೊಟ್ಟೆ ಹಿಡಿದು ನಕ್ಕಿದ್ದೆವು. ಶೀರ್ಷಿಕೆಯ ಶ್ಲೇಷೆ 'ಡೆಫ್' ಮತ್ತು 'ಡೆತ್' ಎಂಬೆರಡು ಪದಗಳ ಕೊನೆಯ ವ್ಯಂಜನದ ಮೇಲೆ ನಿಂತಿದೆ. ಮುಪ್ಪಿನ ಕಿವಿ ಮೊದಲು ಕಳೆದುಕೊಳ್ಳುವುದು ಇಂಥ ವ್ಯಂಜನಗಳನ್ನೇ ಎಂಬುದು ಆಗ ನಮಗೆ ತಿಳಿದಿರಲಿಲ್ಲ.

ತಿಳಿಯದವರು ಮಾಡುವುದನ್ನೇ ನಾವೂ ಮಾಡಿದೆವು. ಅಂತರಜಾಲದ ಅಂಗಡಿಯಲ್ಲಿ 1,900 ರೂಪಾಯಿಗೆ ಒಂದು ಆಂಪ್ಲಿಫೈಯರ್ ತರಿಸಿದೆವು. ಕಿವಿಯ ಹಿಂದೆ ಕೂರುವ ಪುಟ್ಟ ಯಂತ್ರ, ಪಕ್ಕದಲ್ಲಿ ಧ್ವನಿ ಹೆಚ್ಚಿಸುವ ಸಣ್ಣ ಗಾಲಿ. ಗಣೇಶ ಚೌತಿಯ ದಿನ ಅವ್ವನ ಕಿವಿಗೆ ಏರಿಸಿದೆವು. ಮೊದಲ ಐದು ನಿಮಿಷ ಅವಳ ಮುಖ ಅರಳಿತು. ಆಮೇಲೆ ಅಡುಗೆಮನೆಯಲ್ಲಿ ಸ್ಟೀಲಿನ ತಟ್ಟೆಯೊಂದು ಬಿತ್ತು. ಅವ್ವ ಎರಡೂ ಕೈಗಳಿಂದ ಕಿವಿ ಮುಚ್ಚಿಕೊಂಡಳು. ಫ್ಯಾನಿನ ಸದ್ದು, ಕುಕ್ಕರಿನ ಸೀಟಿ, ಕೆಳಗಿನ ಬೀದಿಯ ಹಾರ್ನು ಎಲ್ಲವೂ ಒಟ್ಟಿಗೆ ನುಗ್ಗಿದ್ದವು. ನಮ್ಮ ಮಾತು ಅವುಗಳ ನಡುವೆ ಎಲ್ಲೋ ಇತ್ತು. ಸಂಜೆಗೆ ಅದನ್ನು ತೆಗೆದು ಡಬ್ಬಿಯಲ್ಲಿಟ್ಟಳು. ನಾವು ದನಿ ಎತ್ತರಿಸಿ ಕಾರಣ ಕೇಳಿದಾಗ ಅವಳು ಹೇಳಿದ ಮಾತು ಆಮೇಲೆ ಕಂಡ ವೈದ್ಯರ ವಿವರಣೆಗಿಂತ ನಿಖರವಾಗಿತ್ತು: "ಒದರಬ್ಯಾಡ್ರಿ. ಕೇಳಸ್ತದ. ತಿಳಿಯೂದಿಲ್ಲ."

ಕೇಳಿಸುವುದಕ್ಕೂ ತಿಳಿಯುವುದಕ್ಕೂ ನಡುವಿನ ಈ ಅಂತರವೇ ವಯೋಸಹಜ ಕಿವುಡಿನ ತಿರುಳು. ಒಳಗಿವಿಯಲ್ಲಿ ಶಂಖದಂತೆ ಸುರುಳಿಯಾದ ಅಂಗವೊಂದಿದೆ. ಅದರಲ್ಲಿ ಸದ್ದನ್ನು ಹಿಡಿಯುವ ಸೂಕ್ಷ್ಮ ರೋಮಕೋಶಗಳಿವೆ. ಶಂಖದ ಬಾಯಿಯ ಬಳಿ ಇರುವವು ಮೇಲಿನ ಸ್ಥಾಯಿಯ ಧ್ವನಿಗಳನ್ನು ಹಿಡಿಯುತ್ತವೆ. ಸವೆಯುವುದು ಸಾಮಾನ್ಯವಾಗಿ ಅವೇ ಮೊದಲು. ಸವೆದವು ಮತ್ತೆ ಹುಟ್ಟುವುದಿಲ್ಲ. ಮಾತಿನಲ್ಲಿ ಸ್ವರಗಳು ಕೆಳಗಿನ ಸ್ಥಾಯಿಯವು, ಬಲವಾದವು. ಸ, ಶ, ಚ, ತ, ಕ ಮುಂತಾದ ವ್ಯಂಜನಗಳು ಮೇಲಿನ ಸ್ಥಾಯಿಯವು, ದುರ್ಬಲವಾದವು. ನಮ್ಮ ಕಾಗುಣಿತದ ಲೆಕ್ಕದಲ್ಲಿ ಹೇಳುವುದಾದರೆ, ದೀರ್ಘ ಕೇಳುತ್ತದೆ, ಕೊಂಬು ಕೇಳುತ್ತದೆ. ಅವನ್ನು ಹೊತ್ತ ಅಕ್ಷರ ಮಾತ್ರ ಕೇಳುವುದಿಲ್ಲ. 'ತಾಸು' 'ಕಾಸು' ಆಗುವುದು ಹೀಗೆ. ನಾವು ಕೂಗಿದಾಗ ಸ್ವರಗಳು ಇನ್ನಷ್ಟು ಅಬ್ಬರಿಸುತ್ತವೆ, ವ್ಯಂಜನಗಳು ಇದ್ದಲ್ಲೇ ಇರುತ್ತವೆ. ಅಗ್ಗದ ಆಂಪ್ಲಿಫೈಯರೂ ಹೆಚ್ಚುಕಡಿಮೆ ಇದನ್ನೇ ಮಾಡುತ್ತದೆ: ಬೇಕಾದದ್ದನ್ನೂ ಬೇಡದ್ದನ್ನೂ ಒಂದೇ ಅಳತೆಯಲ್ಲಿ ಎತ್ತಿಕೊಡುತ್ತದೆ. ಮುಪ್ಪಿನ ಕಿವಿಯ ಇನ್ನೊಂದು ವಿಚಿತ್ರವೆಂದರೆ, ಮೆಲುದನಿ ಕೇಳದಿದ್ದರೂ ಜೋರಿನ ಸದ್ದು ನಮಗಿಂತ ಬೇಗ ಅಸಹನೀಯವಾಗುತ್ತದೆ. ತಟ್ಟೆ ಬಿದ್ದಾಗ ಅವ್ವನಿಗಾದದ್ದು ಅದೇ.

ಕೊನೆಗೆ ನಾವು ಮೊದಲು ಹೋಗಬೇಕಾಗಿದ್ದ ಕಡೆಗೆ ಹೋದೆವು: ಕಿವಿ ಮೂಗು ಗಂಟಲಿನ ವೈದ್ಯರ ಬಳಿಗೆ. ಅವರು ಎರಡೂ ಕಿವಿಗಳಿಂದ ಗುಗ್ಗೆ ತೆಗೆದರು. ಅಷ್ಟರಿಂದಲೇ ಸ್ವಲ್ಪ ಸುಧಾರಿಸಿತು; ಕೆಲವರಿಗೆ ಅಷ್ಟೇ ಸಾಕಾಗುವುದೂ ಉಂಟಂತೆ. ಇದ್ದಕ್ಕಿದ್ದಂತೆ ಕಿವಿ ಕೇಳದಾದರೆ, ಒಂದೇ ಕಿವಿ ಮಂದವಾದರೆ, ಸೋರಿದರೆ, ತಲೆ ತಿರುಗಿದರೆ ಯಂತ್ರದ ಮಾತು ಬಿಟ್ಟು ತಡವಿಲ್ಲದೆ ಬರಬೇಕೆಂದೂ ಹೇಳಿದರು. ಬಳಿಕ ಒಂದು ಖಾಸಗಿ ಶ್ರವಣ ಕೇಂದ್ರದಲ್ಲಿ ಪರೀಕ್ಷೆಯಾಯಿತು. ಸದ್ದು ಹೊಕ್ಕದ ಕೋಣೆ, ಕಿವಿಗೆ ಹೆಡ್‌ಫೋನು, ಕೈಯಲ್ಲಿ ಗುಂಡಿ. ಬಲಗಿವಿಗೆ ಕೆಂಪು ವೃತ್ತ, ಎಡಗಿವಿಗೆ ನೀಲಿ ಕತ್ತರಿ ಗುರುತು. 500 ಹರ್ಟ್ಜ್‌ನಲ್ಲಿ 30 ಡೆಸಿಬೆಲ್, 1000ದಲ್ಲಿ 40, 2000ದಲ್ಲಿ 50, 4000ದಲ್ಲಿ 70. ಎಡದಿಂದ ಬಲಕ್ಕೆ ಗೆರೆ ಘಟ್ಟದ ರಸ್ತೆಯಂತೆ ಇಳಿದಿತ್ತು. ಸರಾಸರಿ 47ರ ಮೇಲೆ. ಮಧ್ಯಮ ಪ್ರಮಾಣದ ದೋಷ.

ಆಮೇಲೆ ಪದಗಳ ಪರೀಕ್ಷೆ. ಪರದೆಯಾಚೆಯಿಂದ ಹೇಳಿದ ಪದವನ್ನು ಮರಳಿ ನುಡಿಯಬೇಕು. ಶ್ರವಣತಜ್ಞೆ ಮರಾಠಿ ಪಟ್ಟಿ ಓದಿದರು, ಬಳಿಕ ಹಿಂದಿಯದು. ಅವ್ವ ಅರ್ಧಕ್ಕರ್ಧ ತಪ್ಪಿದಳು. "ಗ್ರಹಣಶಕ್ತಿ ಬಹಳ ಕುಗ್ಗಿದೆ, ಸಾಧನದಿಂದ ಹೆಚ್ಚು ಪ್ರಯೋಜನವಾಗಲಿಕ್ಕಿಲ್ಲ" ಎಂದು ಬರೆಯಲು ಹೊರಟಿದ್ದರು. ಕಿವಿ ತಪ್ಪುತ್ತಿದೆಯೋ ಭಾಷೆ ತಪ್ಪುತ್ತಿದೆಯೋ ಎಂದು ನಾವು ಕೇಳಿದೆವು. ಅವರು ಸಜ್ಜನರು, ಯೋಚಿಸಿದರು. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಇಂಥ ಪರೀಕ್ಷೆಗಳಿಗೆಂದೇ ಕನ್ನಡ ಪದಪಟ್ಟಿಗಳು ಸಿದ್ಧವಾಗಿವೆ. ಅಲ್ಲಿ ಓದಿದ ಗೆಳತಿಯೊಬ್ಬರಿಂದ ಮರುವಾರಕ್ಕೆ ಒಂದನ್ನು ತರಿಸಿದರು. ಅದನ್ನು ಓದುವ ಕೆಲಸ ನಮಗೆ ಬಂತು. ತುಟಿ ಕಾಣದಂತೆ ಕಾಗದವನ್ನು ಅಡ್ಡ ಹಿಡಿದು, ಕೂಗದೆ, ಒಂದೊಂದೇ ಪದವನ್ನು ಮೈಕಿನಲ್ಲಿ ಓದಿದೆವು. ದನಿಯನ್ನು ಸಾಕಷ್ಟು ಎತ್ತರಿಸಿದಾಗ ಅವ್ವ ಹತ್ತರಲ್ಲಿ ಎಂಟನ್ನು ಸರಿಯಾಗಿ ಹೇಳಿದಳು. ಶ್ರವಣತಜ್ಞೆ ಮೊದಲು ಬರೆದದ್ದನ್ನು ಹೊಡೆದು ಹಾಕಿದರು. ಹೊರನಾಡಿನಲ್ಲಿ ಹಿರಿಯರನ್ನು ಇಟ್ಟುಕೊಂಡವರೆಲ್ಲರೂ ಇದೊಂದನ್ನು ಕೇಳಿ ಪಡೆಯಬೇಕು: ಪರೀಕ್ಷೆ ಅವರ ಭಾಷೆಯಲ್ಲಿ ನಡೆಯಲಿ.

ಇನ್ನು ಆಯ್ಕೆ. ಒಂದು ಕಿವಿಗೆ ಹತ್ತೊಂಬತ್ತು ಸಾವಿರದಿಂದ ಹಿಡಿದು ಲಕ್ಷ ದಾಟುವವರೆಗೆ ಬೆಲೆ ಹೇಳಿದರು. ಬೆಲೆ ಏರಿದಂತೆ ಬ್ಲೂಟೂತ್, ಮರುಪೂರಣದ ಬ್ಯಾಟರಿ, ಗದ್ದಲ ಅಡಗಿಸುವ ಇನ್ನಷ್ಟು ಜಾಣ್ಮೆ ಸೇರುತ್ತ ಹೋಗುತ್ತವೆ. ಅವ್ವನಿಗೆ ಬೇಕಾದದ್ದು ಮೂರೇ: ಅವಳ ಇಳಿಜಾರಿನ ಗೆರೆಗೆ ತಕ್ಕಂತೆ ಬೇಕಾದ ಸ್ಥಾಯಿಯನ್ನಷ್ಟೇ ಎತ್ತುವ ಹೊಂದಾಣಿಕೆ, ಜೋರಿನ ಸದ್ದಿಗೆ ಮಿತಿ, ಬೆರಳಿಗೆ ಸಿಗುವ ಗುಂಡಿ. ಇವು ಕೆಳಗಿನ ಬೆಲೆಯ ಡಿಜಿಟಲ್ ಸಾಧನದಲ್ಲೂ ಇದ್ದವು. ಆಂಪ್ಲಿಫೈಯರನ್ನೂ ನಾವು ಪೂರ್ತಿ ತಳ್ಳಿಹಾಕುವುದಿಲ್ಲ. ದೋಷ ಅಲ್ಪವಾಗಿದ್ದು, ಟಿ.ವಿ. ಮುಂದೆಯೋ ಶಾಂತ ಕೋಣೆಯಲ್ಲಿ ಒಬ್ಬರೊಡನೆ ಮಾತಿಗೋ ಮಾತ್ರ ಬೇಕೆಂದರೆ, ಗರಿಷ್ಠ ಸದ್ದಿಗೆ ಮಿತಿಯುಳ್ಳದ್ದು ಸಾಕಾದೀತು. ಕೈ ನಡುಗುವವರಿಗೆ ತಂತಿಯ, ಜೇಬಿನಲ್ಲಿಡುವ ಹಳೆಯ ಮಾದರಿಯೇ ಅನುಕೂಲ. ಆದರೆ ಪರೀಕ್ಷೆಯಾದ ಮೇಲೆ, ಮೊದಲಲ್ಲ. ಬಡ ಹಿರಿಯರಿಗೆ 2017ರಲ್ಲಿ ಆರಂಭವಾದ ರಾಷ್ಟ್ರೀಯ ವಯೋಶ್ರೀ ಯೋಜನೆಯಲ್ಲಿ ಸಾಧನ ಉಚಿತವಾಗಿ ದೊರೆಯುತ್ತದೆ. ಮುಂಬಯಿಯವರಿಗೆ ಬಾಂದ್ರಾದಲ್ಲಿ ಅಲಿ ಯಾವರ್ ಜಂಗ್ ರಾಷ್ಟ್ರೀಯ ಸಂಸ್ಥೆಯೂ ಇದೆ.

ನಮ್ಮದು ಕೇಂದ್ರ ಸರ್ಕಾರದ ನೌಕರಿ. ಆರೋಗ್ಯ ಯೋಜನೆಯ ಕಾರ್ಡಿದೆ. ಆದರೆ ತಂದೆತಾಯಿಯರು ಅವಲಂಬಿತರೆನಿಸಿಕೊಳ್ಳಲು ಅವರ ಆದಾಯ ತಿಂಗಳಿಗೆ 9,000 ರೂಪಾಯಿ ಮತ್ತು ಅದರ ಮೇಲಿನ ತುಟ್ಟಿಭತ್ಯೆಯೊಳಗೆ ಇರಬೇಕು. ಶಾಲಾ ಮಾಸ್ತರರಾಗಿದ್ದ ಅಪ್ಪನ ಕುಟುಂಬ ಪಿಂಚಣಿ ಆ ಗೆರೆಯನ್ನು ದಾಟುವಷ್ಟಿದೆ, ಸಾಧನದ ಬೆಲೆಯನ್ನು ದಾಟುವಷ್ಟಿಲ್ಲ. ಇಪ್ಪತ್ತು ವರ್ಷಗಳಿಂದ ಇತರರ ಅರ್ಜಿಗಳ ಮೇಲೆ 'ನಿಯಮಾನುಸಾರ ಅವಕಾಶವಿಲ್ಲ' ಎಂದು ಬರೆದ ಕೈ ಇದು. ದೂರಲಿಲ್ಲ.

ಶ್ರವಣತಜ್ಞೆ ಅವ್ವನ ಗೆರೆಗೆ ಹೊಂದಿಸಿದ ಒಂದು ಜೊತೆ ಸಾಧನವನ್ನು ಒಂದು ವಾರ ಮನೆಯಲ್ಲಿ ಪರೀಕ್ಷಿಸಲು ಕೊಟ್ಟರು. ಎರಡಕ್ಕೆ ಮೂವತ್ತೆಂಟು ಸಾವಿರ. ಮೂರನೆಯ ರಾತ್ರಿ ನಾವಿಬ್ಬರೂ ಅಡುಗೆಮನೆಯಲ್ಲಿ ಲೆಕ್ಕ ಹಾಕುತ್ತಿದ್ದೆವು. ಮಗಳ ಕೋಚಿಂಗಿನ ಕಂತು, ವಾಹನದ ಸಾಲ, ಇದು. "ಎರಡೂ ಕಿವಿಗೆ ಯಾಕ, ಒಂದು ಸಾಲದೇನು? ಇನ್ನ ಎಷ್ಟು ವರ್ಷಕ್ಕಂತ ಇಷ್ಟು ರೊಕ್ಕ ಹಾಕೂದು?" ಎಂಬ ಮಾತು ಬಂತು. ನಮ್ಮಿಬ್ಬರಲ್ಲಿ ಯಾರು ಆಡಿದ್ದೆಂದು ಇಲ್ಲಿ ಬರೆಯುವುದಿಲ್ಲ; ಇನ್ನೊಬ್ಬರು ಅಲ್ಲಗಳೆಯಲಿಲ್ಲವಾದ್ದರಿಂದ ಇಬ್ಬರೂ ಆಡಿದಂತೆಯೇ ಲೆಕ್ಕ. ದನಿ ತಗ್ಗಿಸುವ ಅಭ್ಯಾಸ ನಮಗೆ ಎಂದೋ ತಪ್ಪಿತ್ತು. ಅವ್ವನ ಮುಂದೆಯೇ ಅವ್ವನ ಬಗ್ಗೆ ಮಾತಾಡುವುದು ಎರಡು ವರ್ಷಗಳಿಂದ ಮನೆಯ ರೂಢಿಯಾಗಿಬಿಟ್ಟಿತ್ತು.

ವಾರ ಕಳೆದು ಕೇಂದ್ರಕ್ಕೆ ಹೋದೆವು. ಹೇಗಿದೆ ಎಂದು ಶ್ರವಣತಜ್ಞೆ ಕೇಳಿದರು. ಅವ್ವ ಬಲಗಿವಿಯದನ್ನು ಬಿಚ್ಚಿ ಮೇಜಿನ ಮೇಲಿಟ್ಟಳು. ಸಿಟ್ಟಿಲ್ಲದೆ, ಸಂತೆಯಲ್ಲಿ ಬದನೆಕಾಯಿಯ ಬೆಲೆ ಮಾತಾಡುವ ದನಿಯಲ್ಲಿ ಹೇಳಿದಳು: "ಒಂದ ಸಾಕು. ಇನ್ನ ಎಷ್ಟು ವರ್ಷಕ್ಕಂತ ಇಷ್ಟು ರೊಕ್ಕ ಹಾಕೂದು?"

ಶ್ರವಣತಜ್ಞೆಗೆ ಕನ್ನಡ ಬಾರದು. ಅವ್ವ ಏನೆಂದರೆಂದು ನಮ್ಮ ಕಡೆಗೆ ನೋಡಿದರು. ನಮ್ಮದೇ ವಾಕ್ಯವನ್ನು ನಾವೇ ಮರಾಠಿಗೆ ತರ್ಜುಮೆ ಮಾಡಬೇಕಾಗಿತ್ತು. ಮಾಡಲಿಲ್ಲ. "ಎರಡೂ ಕೊಡಿ" ಎಂದೆವು. ಅವ್ವ ನಮ್ಮ ಮುಖ ನೋಡಿದಳು, ಏನೂ ಅನ್ನಲಿಲ್ಲ. ಬಲಗಿವಿಯದನ್ನು ತಾನೇ ಎತ್ತಿಕೊಂಡು, ಕಲಿಸಿಕೊಟ್ಟಂತೆ ಕಿವಿಯ ಹಿಂದೆ ಕೂರಿಸಿಕೊಂಡಳು. ಹಿಂದಿರುಗುವಾಗ ಟ್ಯಾಕ್ಸಿಯಲ್ಲಿ ನಾವು ಕ್ಷಮೆ ಕೇಳಲು ಬಾಯಿ ತೆರೆದೆವು. "ಇರಲಿ ಬಿಡ್ರಿ. ಕಿವಿ ಹೋದ ಮ್ಯಾಲೆ ಇಂಥಾ ಭಾಳ ಮಾತು ತಪ್ಪಿಸಿಕೊಂಡೇನಿ. ಅದೂ ಒಂದು ಪುಣ್ಯಾನ" ಎಂದಳು.

ನಾಲ್ಕು ತಿಂಗಳಾದವು. ಎಲ್ಲವೂ ಸರಿಹೋಯಿತೆಂದು ಹೇಳಲಾರೆವು. ಕನ್ನಡಕ ಹಾಕಿದಂತೆ ಒಂದೇ ದಿನಕ್ಕೆ ಒಗ್ಗುವ ವಸ್ತುವಲ್ಲ ಇದು. ಮೊದಲ ವಾರಗಳಲ್ಲಿ ದಿನಕ್ಕೆ ಎರಡು ತಾಸು, ಆಮೇಲೆ ನಾಲ್ಕು, ಹೀಗೆ ಏರಿಸಬೇಕಾಯಿತು. ತನ್ನ ದನಿಯೇ ಕೊಡದೊಳಗಿನಿಂದ ಬಂದಂತಿದೆ ಎಂದು ಅವ್ವ ದೂರುತ್ತಿದ್ದಳು. ಎರಡು ಬಾರಿ ಮರುಹೊಂದಿಸಿಕೊಂಡು ಬಂದೆವು. ಕಿತ್ತಳೆ ಬಣ್ಣದ ಚೀಟಿಯ ಗುಂಡಿ ಬ್ಯಾಟರಿ ವಾರ ಹತ್ತು ದಿನಕ್ಕೊಮ್ಮೆ ಮುಗಿಯುತ್ತದೆ. ಚೀಟಿ ಕಿತ್ತು ಒಂದೆರಡು ನಿಮಿಷ ಗಾಳಿಗೆ ಬಿಟ್ಟು ಹಾಕಬೇಕು. ಮದುವೆ ಮನೆಯ ಗದ್ದಲದಲ್ಲಿ ಈಗಲೂ ಸೋಲುತ್ತಾಳೆ. ನಾವು ಕಲಿತದ್ದೂ ಇದೆ: ಎದುರಿಗೆ ಬಂದು ಮುಖ ಕಾಣುವಂತೆ ಮಾತಾಡುವುದು, ಟಿ.ವಿ. ಆರಿಸುವುದು, ಒಬ್ಬರಾದ ಮೇಲೆ ಒಬ್ಬರು ನುಡಿಯುವುದು. ಇವಕ್ಕೆ ಬೆಲೆಯಿಲ್ಲ, ಎರಡು ವರ್ಷ ಮೊದಲೇ ಮಾಡಬಹುದಾಗಿತ್ತು.

ಕಳೆದ ಭಾನುವಾರ ಗದಗಿನ ಫೋನು ಬಂತು. ರೂಢಿಯಂತೆ ನಾವು ಕೈ ಚಾಚಿಕೊಂಡೇ ಕೂತಿದ್ದೆವು. ಅವ್ವ ಮಾತಾಡುತ್ತಲೇ ಇದ್ದಳು. ತಂಗಿಯ ಮಂಡಿನೋವು, ಮನೆಯ ಹಿಂದಿನ ಕರಿಬೇವು, ಯಾರದೋ ಸೊಸೆ. ಒಂದು ಗಳಿಗೆ ಸುಮ್ಮನೆ ಆಲಿಸಿದಳು, ನಕ್ಕಳು. ಈ ಸಲ ಯಾತಕ್ಕೆಂದು ತಿಳಿದು ನಕ್ಕಳು. ಆಮೇಲೆ ಫೋನಿನ ಮೇಲೆ ಅಂಗೈ ಮುಚ್ಚಿ ನಮ್ಮ ಕಡೆಗೆ ತಿರುಗಿ, "ನೀವ ಸ್ವಲ್ಪ ಹೊರಗ ಹೋಗ್ರಿ. ಬಾಗಲಾ ಮುಂದ ಮಾಡ್ರಿ" ಎಂದಳು.

ಹೊರಗೆ ಬಂದೆವು. ಬಾಗಿಲನ್ನು ಮುಂದೆ ಮಾಡಿದೆವು.