ಹೋಗಿ ಬರುತ್ತೇನೆ

ಕನ್ನಡ ನಾಡಿನ ಮನೆಗಳಲ್ಲಿ ಮಗುವೊಂದು ಹೊಸ್ತಿಲು ದಾಟುತ್ತ “ಹೋಗುತ್ತೇನೆ” ಎಂದರೆ ಹಿರಿಯರು ಕೂಡಲೇ ತಿದ್ದುತ್ತಾರೆ: “ಹಾಗನ್ನಬಾರದು ಕಂದ, ಹೋಗಿ ಬರುತ್ತೇನೆ ಅನ್ನಬೇಕು.” ಹೋಗುವುದು ಪಕ್ಕದ ಬೀದಿಗಾಗಲಿ, ಕಡಲಿನಾಚೆಗಾಗಲಿ, ಬೀಳ್ಕೊಳ್ಳುವ ಮಾತಿನಲ್ಲಿ ಮರಳಿ ಬರುವ ಭರವಸೆ ಇರಲೇಬೇಕು. ಬಳಸಿ ಬಳಸಿ ಸವೆದು ಈ ಮಾತು ಬರಿಯ ಉಪಚಾರವಾಗಿದೆಯೆಂಬುದು ನಿಜ. ಆದರೆ ಉಪಚಾರದ ಮಾತನ್ನು ಯಾರಾದರೊಬ್ಬರು ನಂಬಿ ಕಾದು ಕುಳಿತರೆಂದರೆ, ಆಡಿದವರ ತಲೆಯ ಮೇಲೆ ಅದು ಸಾಲವಾಗಿ ನಿಲ್ಲುತ್ತದೆ.

ಅರಿಯದೆಯೇ ಈ ಸಾಲವನ್ನು ಮಾಡಿಕೊಳ್ಳುವವರಲ್ಲಿ, ಅಲ್ಪಕಾಲದ ಸೇವೆಗೆಂದು ಪರದೇಶಕ್ಕೆ ಹೊರಡುವ ಕ್ರೈಸ್ತ ಸ್ವಯಂಸೇವಕರೂ ಸೇರಿದ್ದಾರೆ. ಮಿಷನರಿ ಎಂದೊಡನೆ ಕನ್ನಡಿಗರ ಕಣ್ಣಮುಂದೆ ಬರುವ ಚಿತ್ರವೇ ಬೇರೆ. 1853ರಲ್ಲಿ ಬಾಸೆಲ್ ಮಿಷನ್ನಿನಿಂದ ಬಂದ ಫರ್ಡಿನಂಡ್ ಕಿಟ್ಟೆಲ್ ಈ ನಾಡಿನ ಭಾಷೆಯನ್ನು ಕಲಿತು, ನಿಘಂಟಿಗಾಗಿ ವರ್ಷಗಟ್ಟಲೆ ದುಡಿದರು. ಆ ನಿಘಂಟು ಮಂಗಳೂರಿನಲ್ಲಿ ಅಚ್ಚಾದುದು 1894ರಲ್ಲಿ. ಅಂದಿನವರು ಆಯುಷ್ಯದ ಬಹುಭಾಗವನ್ನೇ ಒಪ್ಪಿಸಿ ಹೊರಡುತ್ತಿದ್ದರು. ಇಂದಿನ ಸ್ವಯಂಸೇವಕನು ಕಚೇರಿಯಿಂದ ರಜೆ ಪಡೆದು ಹೊರಡುತ್ತಾನೆ. ಎರಡು ವಾರವೋ, ಎರಡು ತಿಂಗಳೋ ದುಡಿದು, ಕಣ್ಣು ತೇವ ಮಾಡಿಕೊಂಡು, “ಮತ್ತೆ ಬರುತ್ತೇನೆ” ಎಂದು ಹೇಳಿ ವಿಮಾನ ಹತ್ತುತ್ತಾನೆ. ಆ ಮಾತು ಆಡುವಾಗ ಪ್ರಾಮಾಣಿಕವಾಗಿಯೇ ಇರುತ್ತದೆ. ಊರು ಸೇರಿದ ಮೇಲೆ ಮನೆ, ಮಕ್ಕಳು, ಸಾಲದ ಕಂತು, ಮುಪ್ಪಿನ ತಾಯಿತಂದೆ ಎಲ್ಲರೂ ಅದರ ಮೇಲೆ ಒಂದೊಂದು ಹಿಡಿ ಮಣ್ಣು ಹಾಕುತ್ತಾರೆ.

ಇಂಥ ಯಾತ್ರೆಗಳಿಂದ ನಿಜವಾಗಿ ಯಾರಿಗೆ ಲಾಭ ಎಂಬ ಪ್ರಶ್ನೆಯನ್ನು ಹೊರಗಿನವರಷ್ಟೇ ಕೇಳಿಲ್ಲ, ಒಳಗಿನವರೇ ಕೇಳಿದ್ದಾರೆ. 1998ರ ಅಕ್ಟೋಬರ್ ಕೊನೆಯಲ್ಲಿ ಮಿಚ್ ಎಂಬ ಚಂಡಮಾರುತ ಮಧ್ಯ ಅಮೆರಿಕದ ಹೊಂಡುರಾಸ್ ದೇಶವನ್ನು ನೆಲಕಚ್ಚಿಸಿತು. ಮನೆ ಕಳೆದುಕೊಂಡವರಿಗೆ ಮನೆ ಕಟ್ಟಿಕೊಡಲು ಉತ್ತರ ಅಮೆರಿಕದ ಚರ್ಚುಗಳಿಂದ ತಂಡ ತಂಡವಾಗಿ ಜನ ಬಂದರು. ಆ ದೇಶದಲ್ಲಿಯೇ ನೆಲೆಸಿದ್ದ ಕರ್ಟ್ ವರ್ ಬೀಕ್ ಎಂಬ ಕ್ರೈಸ್ತ ಸಮಾಜಶಾಸ್ತ್ರಜ್ಞರು ಈ ಕೆಲಸದ ಫಲವನ್ನು ಪರಿಶೀಲಿಸಿ 2006ರಲ್ಲಿ ಪ್ರಕಟಿಸಿದರು. ಪ್ರಯಾಣದ ವೆಚ್ಚವೂ ಸೇರಿದರೆ ಪರದೇಶದ ತಂಡ ಕಟ್ಟಿದ ಒಂದು ಮನೆಗೆ ಸುಮಾರು 30,000 ಡಾಲರು ತಗಲಿತ್ತು. ಸ್ಥಳೀಯ ಸಂಸ್ಥೆ ಅಂಥದೇ ಮನೆಯನ್ನು ಸುಮಾರು 2,000 ಡಾಲರಿನಲ್ಲಿ ಕಟ್ಟಿತ್ತು. ಒಂದು ಮನೆಯ ಹಣದಲ್ಲಿ ಹದಿನೈದು ಮನೆ ಏಳಬಹುದಾಗಿತ್ತು. ಬಂದುಹೋದವರ ಬಾಳಿನಲ್ಲಾದರೂ ದೊಡ್ಡ ಬದಲಾವಣೆ ಆಯಿತೇ ಎಂದರೆ, ಅದೂ ಅಷ್ಟಕ್ಕಷ್ಟೇ ಎಂದು ಅವರ ಲೆಕ್ಕ ಹೇಳಿತು.

ಈ ಲೆಕ್ಕವನ್ನು ಭಕ್ತಿಯ ಮಾತಿನಿಂದ ಅಳಿಸಲಾಗದು. ಗಾರೆ ಕಲಸಲು ಬಲ್ಲವರು ಊರಿನಲ್ಲಿಯೇ ಇರುವಾಗ, ಗಾರೆಯನ್ನು ಎಂದೂ ಮುಟ್ಟದವರು ಕಡಲು ದಾಟಿ ಬಂದು ಕಲಸುವುದು ಸೇವೆಗಿಂತ ಹೆಚ್ಚಾಗಿ ಸೇವೆಯ ಅನುಭವವಾಗುತ್ತದೆ. ಆದರೆ ಹಣ ಕಳುಹಿಸಿದ ಮಾತ್ರಕ್ಕೆ ಆಗದ ಕೆಲಸಗಳೂ ಲೋಕದಲ್ಲಿವೆ. ಕೈಯೇ ಬೇಕಾದ ಕೆಲಸ, ಅದೂ ಪಳಗಿದ ಕೈಯೇ ಬೇಕಾದ ಕೆಲಸ. ಅಂಥ ಕೆಲಸಕ್ಕೆ ಹೋಗುವವರ ಕಥೆಯನ್ನು ನೋಡಿದಾಗಲೇ ‘ಮರಳಿ ಹೋಗುವುದು’ ಎಂಬ ಮಾತಿನ ತೂಕ ತಿಳಿಯುತ್ತದೆ.

1978ರಲ್ಲಿ ಡಾನ್ ಸ್ಟೀಫನ್ಸ್ ಮತ್ತು ಅವರ ಪತ್ನಿ ಡೆಯಾನ್ ಅವರು ‘ಮರ್ಸಿ ಶಿಪ್ಸ್’ ಎಂಬ ಕ್ರೈಸ್ತ ಸೇವಾಸಂಸ್ಥೆಯನ್ನು ಸ್ಥಾಪಿಸಿದರು. ಆಸ್ಪತ್ರೆಯನ್ನೇ ಹಡಗಿನಲ್ಲಿಟ್ಟು ಬಡ ದೇಶಗಳ ಬಂದರುಗಳಿಗೆ ಒಯ್ಯುವುದು ಅವರ ಸಂಕಲ್ಪ. ಮೊದಲು ಕೊಂಡ ಹಡಗು ಇಟಲಿಯ ಹಳೆಯ ಪ್ರಯಾಣಿಕರ ನೌಕೆ ‘ವಿಕ್ಟೋರಿಯಾ’. 1953ರಲ್ಲಿ ಸಂಚಾರ ಆರಂಭಿಸಿದ ಈ ನೌಕೆ ಒಂದು ಕಾಲದಲ್ಲಿ ಇಟಲಿಯಿಂದ ಮುಂಬಯಿಗೂ, ಅಲ್ಲಿಂದ ಮುಂದೆ ಪೂರ್ವದೇಶಗಳಿಗೂ ಜನರನ್ನು ಸಾಗಿಸುತ್ತಿತ್ತು. ಹೊಸ ಒಡೆಯರು ಅದಕ್ಕೆ ‘ಅನಾಸ್ತಾಸಿಸ್’ ಎಂದು ಹೆಸರಿಟ್ಟರು; ಗ್ರೀಕ್ ಭಾಷೆಯಲ್ಲಿ ಪುನರುತ್ಥಾನ ಎಂದರ್ಥ. ಬಹುಕಾಲ ಆಸ್ಪತ್ರೆಯಾಗಿ ದುಡಿದು, 2007ರಲ್ಲಿ ಅದು ಗುಜರಾತಿನ ಅಲಂಗ್ ತೀರಕ್ಕೆ ಬಂದು, ಅಲ್ಲಿಯೇ ಒಡೆಯಲ್ಪಟ್ಟಿತು. ಅದೇ ವರ್ಷ ‘ಆಫ್ರಿಕಾ ಮರ್ಸಿ’ ಸೇವೆಗಿಳಿಯಿತು. ಇದೂ ಹಳೆಯ ನೌಕೆಯೇ. 1980ರಲ್ಲಿ ಡೆನ್ಮಾರ್ಕಿನಲ್ಲಿ ರೈಲುಬಂಡಿಗಳನ್ನು ನೀರಿನಾಚೆಗೆ ಸಾಗಿಸಲೆಂದು ಕಟ್ಟಿದ್ದು. ಅದರೊಳಗೆ ಈಗ ಐದು ಶಸ್ತ್ರಕ್ರಿಯಾ ಕೋಣೆಗಳಿವೆ.

ಇಲ್ಲಿ ದುಡಿಯುವವರ ರೀತಿಯೂ ವಿಶೇಷವಾದುದು. ಶಸ್ತ್ರವೈದ್ಯನಾಗಲಿ, ದಾದಿಯಾಗಲಿ, ಅಡುಗೆಯವನಾಗಲಿ, ಸಂಬಳವಿಲ್ಲ. ಬರುವ ಪ್ರಯಾಣದ ಖರ್ಚು ಅವರದೇ. ಹಡಗಿನಲ್ಲಿ ಉಳಿಯುವುದಕ್ಕೂ ಊಟಕ್ಕೂ ಬಹುಕಾಲ ಅವರೇ ಹಣ ತೆರುತ್ತಿದ್ದರು. ದುಡಿಯುವುದಕ್ಕೆ ಹಣ ಕೊಡುವ ಜನರನ್ನು ಕಂಡು ವ್ಯವಹಾರಸ್ಥರು ನಗಬಹುದು. ರೋಗಿಗೆ ಮಾತ್ರ ಎಲ್ಲವೂ ಉಚಿತ. ಅವನ ಧರ್ಮ ಯಾವುದೆಂದು ನೋಡಿ ಚಿಕಿತ್ಸೆ ಕೊಡುವುದಿಲ್ಲ. ಸೀಳುತುಟಿಯ ಕೂಸುಗಳು, ಕಾಲು ಬಿಲ್ಲಿನಂತೆ ಬಾಗಿದ ಮಕ್ಕಳು, ಸುಟ್ಟಗಾಯದಿಂದ ಕೈ ಮುರುಟಿಕೊಂಡವರು, ಕಣ್ಣಿಗೆ ಪೊರೆ ಬಂದವರು, ಹೆರಿಗೆಯಲ್ಲಿ ಗಾಯಗೊಂಡು ಮೂತ್ರ ತಡೆಯಲಾರದೆ ಮನೆಯವರಿಗೂ ಬೇಡವಾದ ಹೆಣ್ಣುಮಕ್ಕಳು, ಎಲ್ಲರೂ ಬರುತ್ತಾರೆ. ದವಡೆಯಲ್ಲಿ ಗೆಡ್ಡೆ ಬೆಳೆದವರೂ ಬರುತ್ತಾರೆ. ಅನೇಕ ವೇಳೆ ಅದು ಕ್ಯಾನ್ಸರ್ ಅಲ್ಲ. ಮೊದಲೇ ತೆಗೆದಿದ್ದರೆ ಸಣ್ಣ ಕೆಲಸ. ಬಿಟ್ಟರೆ ಬೆಳೆಯುತ್ತ ಬೆಳೆಯುತ್ತ ಬಾಯಿಯನ್ನು ತುಂಬಿ, ಅನ್ನವನ್ನೂ ಉಸಿರನ್ನೂ ತಡೆದು ಕೊಲ್ಲುತ್ತದೆ. ಅದಕ್ಕೆ ಮುಂಚೆಯೇ ಜನರ ನೋಟ ಕೊಂದಿರುತ್ತದೆ. ಮುಖಕ್ಕೆ ಬಟ್ಟೆ ಸುತ್ತಿಕೊಂಡು ಕತ್ತಲಾದ ಮೇಲೆ ಮಾತ್ರ ಹೊರಗೆ ಬರುವವರು ಅವರಲ್ಲಿದ್ದಾರೆ.

ಆಫ್ರಿಕಾ ಮರ್ಸಿ 2019ರಲ್ಲಿ ಸೆನೆಗಲ್ ದೇಶದ ರಾಜಧಾನಿಯಾದ ಡಕಾರಿನ ಬಂದರುಕಟ್ಟೆಗೆ ಬಂದು ನಿಂತಿತು. ಆಫ್ರಿಕಾ ಖಂಡದ ಪಶ್ಚಿಮದ ತುತ್ತತುದಿಯಲ್ಲಿರುವ ಊರು ಅದು. ದೇಶದ ಜನರಲ್ಲಿ ಬಹುಪಾಲು ಮುಸಲ್ಮಾನರು. ಆಡಳಿತಕ್ಕೆ ಫ್ರೆಂಚ್, ಬೀದಿಗೆ ವೊಲೊಫ್. ಅತಿಥಿಸತ್ಕಾರಕ್ಕೆ ಅವರ ಮಾತು ‘ತೆರಾಂಗ’. ಅದು ಅವರ ದೊಡ್ಡ ಹೆಮ್ಮೆ. ಹೊಸದಾಗಿ ಬಂದ ದಾದಿ ಮೊದಲು ಕಲಿಯುವುದು ಕುಶಲಪ್ರಶ್ನೆಯನ್ನು. “ನಂಗ ದೆಫ್?” ಎಂದು ಕೇಳಿದರೆ, “ಮಾ ಙಿ ಫಿ ರೆಕ್” ಎಂದು ಉತ್ತರ. ಮೊದಲನೆಯದಕ್ಕೆ ಹೇಗಿದ್ದೀರಿ ಎಂದರ್ಥ. ಎರಡನೆಯದಕ್ಕೆ, ಇಲ್ಲಿಯೇ ಇದ್ದೇನೆ, ಅಷ್ಟೆ. ಚೀಟಿಯಲ್ಲಿ ಬರೆದುಕೊಂಡು ಬಾಯಿಪಾಠ ಮಾಡಿದ ಮಾತು, ತಪ್ಪಾಗಿ ಉಚ್ಚರಿಸಿದಾಗ ಹಾಸಿಗೆಯಿಂದ ಹಾಸಿಗೆಗೆ ಹರಿಯುವ ನಗೆ, ಇವೇ ಮೊದಲ ಯಾತ್ರೆಯ ಪಾಠಗಳು.

ಮೊದಲ ಯಾತ್ರೆಯಲ್ಲಿ ಮನಸ್ಸು ತನ್ನನ್ನು ತಾನೇ ಬಹಳವಾಗಿ ನೋಡಿಕೊಳ್ಳುತ್ತದೆ. ಕಂಡದ್ದೆಲ್ಲ ಆಶ್ಚರ್ಯ, ಮಾಡಿದ್ದೆಲ್ಲ ಪುಣ್ಯ, ಊರಿಗೆ ಬರೆಯುವ ಕಾಗದದ ತುಂಬ ತನ್ನದೇ ಕಣ್ಣೀರು. ಇದನ್ನು ಹೀಗಳೆಯಬೇಕಾಗಿಲ್ಲ, ಹೊಸ ಸೊಸೆಯ ಮೊದಲ ತಿಂಗಳಂತೆ ಅದೂ ಒಂದು ಹಂತ. ಆದರೆ ಆ ಹಂತದಲ್ಲಿಯೇ ಯಾತ್ರೆ ಮುಗಿದರೆ, ಉಳಿಯುವುದು ಛಾಯಾಚಿತ್ರಗಳು ಮಾತ್ರ.

2020ರ ಮಾರ್ಚಿಯಲ್ಲಿ ಕೋವಿಡ್ ಲೋಕವನ್ನೇ ಸ್ತಬ್ಧಗೊಳಿಸಿತು. ಡಕಾರಿನ ಹಡಗಿನಲ್ಲಿಯೂ ಶಸ್ತ್ರಕ್ರಿಯೆಗಳು ನಿಂತವು. ಸ್ವಯಂಸೇವಕರು ಸಿಕ್ಕ ವಿಮಾನಗಳಲ್ಲಿ ಊರು ಸೇರಿದರು. ಹಡಗು ಅವಧಿಗೆ ಮುಂಚೆಯೇ ಲಂಗರೆತ್ತಿತು. ಕಟ್ಟೆಯ ಈಚೆಗೆ ಉಳಿದವರು, ಪರೀಕ್ಷೆಯಾಗಿ, ಆಯ್ಕೆಯಾಗಿ, ತಮ್ಮ ದಿನಕ್ಕಾಗಿ ಕಾಯುತ್ತಿದ್ದ ರೋಗಿಗಳು. ಆಸೆಯನ್ನೇ ಇಟ್ಟುಕೊಳ್ಳದವನ ದುಃಖ ಒಂದು ಬಗೆ. ಬಾಗಿಲ ತನಕ ಕರೆದು ತಂದು ಬಾಗಿಲು ಮುಚ್ಚಿದಾಗ ಆಗುವ ದುಃಖ ಇನ್ನೊಂದು ಬಗೆ. ಹಡಗಿನವರದು ತಪ್ಪೆನ್ನಲಾಗದು, ಆದರೂ ಆಡಿದ ಮಾತು ಆಡಿದ್ದೇ. ಎಲುಬಿನೊಳಗಿನ ಗೆಡ್ಡೆಗೆ ಲೋಕದ ಸಂಕಟ ತಿಳಿಯದು. ಅದು ಬೆಳೆಯುತ್ತಲೇ ಇರುತ್ತದೆ.

2022ರ ಫೆಬ್ರವರಿಯಲ್ಲಿ ಆಫ್ರಿಕಾ ಮರ್ಸಿ ಮತ್ತೆ ಡಕಾರಿಗೆ ಬಂದಿತು. ಹೊಸ ದೇಶವನ್ನು ಹುಡುಕಿಕೊಂಡು ಹೋಗದೆ, ಬಿಟ್ಟುಹೋದ ಕಟ್ಟೆಗೇ ಬಂದಿತು. ಎರಡು ವರ್ಷ ಕಾದವರಿಗೆ ಕೊಟ್ಟ ಮಾತನ್ನು ನಡೆಸುವುದು ಅದರ ಮೊದಲ ಕೆಲಸವಾಗಿತ್ತು. ಇಂಥ ಸಂದರ್ಭದಲ್ಲಿ ಎರಡನೆಯ ಸಲ ಹೊರಡುವ ದಾದಿಯ ಮನಸ್ಸೇ ಬೇರೆ. ಇಕ್ಕಟ್ಟಾದ ಕೋಣೆ, ಮೈ ಬೆವರಿಸುವ ಸೆಕೆ, ರಾತ್ರಿಪಾಳಿಯ ಬೇಸರ ಇವೆಲ್ಲ ಅವಳಿಗೆ ಮೊದಲೇ ಗೊತ್ತು. ಮನೆಯವರೂ ಈ ಸಲ ಬೀಗಿ ಕಳುಹಿಸುವುದಿಲ್ಲ, “ಒಮ್ಮೆ ಹೋಗಿ ಬಂದದ್ದು ಸಾಲದೆ?” ಎಂದು ಕೇಳುತ್ತಾರೆ. ಕೇಳುವುದರಲ್ಲಿ ನ್ಯಾಯವೂ ಇದೆ. ಎರಡನೆಯ ಸಲ ಹೋಗುವುದರಿಂದ ಹೊಸ ಕೀರ್ತಿಯಿಲ್ಲ, ಹೇಳಿಕೊಳ್ಳಲು ಹೊಸ ಕಥೆಯಿಲ್ಲ. ಉಳಿದಿರುವುದು ಕೆಲಸ ಮಾತ್ರ. ಅದಕ್ಕಾಗಿಯೇ ಅದು ಹೆಚ್ಚು ಶುದ್ಧವಾದುದು.

ಮೊದಲ ಸಲ ಕಾಣದಿದ್ದವರು ಎರಡನೆಯ ಸಲ ಕಾಣಿಸುತ್ತಾರೆ. ಆ ದೇಶದವರೇ ಆದ ದುಭಾಷಿಗಳು ದಿನವೂ ಬಂದು, ನೋವನ್ನು ವೊಲೊಫ್‌ನಿಂದ ಇಂಗ್ಲಿಷಿಗೂ, ಧೈರ್ಯವನ್ನು ಇಂಗ್ಲಿಷಿನಿಂದ ವೊಲೊಫ್‌ಗೂ ಸಾಗಿಸುತ್ತಾರೆ. ದೂರದ ಹಳ್ಳಿಯಿಂದ ಮೊಮ್ಮಗನನ್ನು ಕರೆತಂದ ಅಜ್ಜಿಯನ್ನು ಸಂತೈಸುವವರು ಅವರೇ. ಹಡಗು ಹೋದ ಮೇಲೆಯೂ ಅಲ್ಲಿಯೇ ಇದ್ದು, ಊರಿನ ಆಸ್ಪತ್ರೆಗಳಲ್ಲಿ ದುಡಿಯುವ ಸೆನೆಗಲಿನ ವೈದ್ಯರೂ ದಾದಿಯರೂ ಇದ್ದಾರೆ. ಬೈಬಲಿನ ಸಮಾರ್ಯದವನ ಸಾಮತಿಯನ್ನು ಈ ಸ್ವಯಂಸೇವಕರೆಲ್ಲ ಬಲ್ಲರು. ದಾರಿಯಲ್ಲಿ ಗಾಯಗೊಂಡು ಬಿದ್ದವನನ್ನು ಎತ್ತಿ ತಂದ ಆ ಪರದೇಶಿ, ಒಂದೇ ರಾತ್ರಿ ಉಪಚರಿಸಿ, ಛತ್ರದವನ ಕೈಗೆ ಎರಡು ನಾಣ್ಯ ಕೊಟ್ಟು, ಹೆಚ್ಚು ಖರ್ಚಾದರೆ ಮರಳಿ ಬಂದಾಗ ತೀರಿಸುವೆನೆಂದು ಹೇಳಿ ಹೊರಟುಹೋದನು. ಅವನದೂ ಅಲ್ಪಕಾಲದ ಸೇವೆಯೇ. ಗಾಯ ಮಾಯುವ ತನಕ ನೋಡಿಕೊಂಡವನು ಛತ್ರದವನು. ಎಲ್ಲರೂ ಹೊಗಳುವುದು ಸಮಾರ್ಯದವನನ್ನು. ಛತ್ರದವನ ಹೆಸರೆತ್ತುವವರು ವಿರಳ. ಮರಳಿ ಹೋಗುವವನಿಗೆ ಮಾತ್ರ ಛತ್ರದವನ ಪರಿಚಯವಾಗುತ್ತದೆ.

ಕೆಲವರು ಮರಳಿ ಹೋಗುವ ಪ್ರಶ್ನೆಯೇ ಏಳದಂತೆ ಮಾಡಿಕೊಂಡದ್ದೂ ಉಂಟು. ಅಮೆರಿಕದ ಶಸ್ತ್ರವೈದ್ಯ ಗ್ಯಾರಿ ಪಾರ್ಕರ್ ಅವರು 1980ರ ದಶಕದಲ್ಲಿ ಕೆಲವು ತಿಂಗಳ ಮಟ್ಟಿಗೆಂದು ಅನಾಸ್ತಾಸಿಸ್ ಹತ್ತಿದವರು, ಮೂವತ್ತು ವರ್ಷಗಳಿಗೂ ಹೆಚ್ಚು ಕಾಲ ಹಡಗಿನಲ್ಲಿಯೇ ಉಳಿದು, ಮುಖ ಮತ್ತು ದವಡೆಗಳ ಶಸ್ತ್ರಕ್ರಿಯೆ ನಡೆಸಿದರು. ಮದುವೆಯಾದುದು ಹಡಗಿನಲ್ಲಿ ಪರಿಚಯವಾದವರನ್ನು. ಮಕ್ಕಳು ಬೆಳೆದುದೂ ಹಡಗಿನಲ್ಲಿಯೇ. ಎಲ್ಲರಿಂದಲೂ ಇದು ಸಾಧ್ಯವಿಲ್ಲ, ಆಗಬೇಕಾಗಿಯೂ ಇಲ್ಲ. ಆದರೆ ಅಲ್ಪಕಾಲದವರ ಕೆಲಸ ನೆಲೆ ನಿಲ್ಲುವುದು ಇಂಥ ದೀರ್ಘಕಾಲದವರ ಆಸರೆಯಲ್ಲಿ. ಬಂದುಹೋಗುವವರು ನೂರು ಮಂದಿ. ಬೀಗದಕೈ ಎಲ್ಲಿದೆಯೆಂದು ಬಲ್ಲವನೊಬ್ಬ ಮನೆಯಲ್ಲಿ ಇರಲೇಬೇಕು.

ಇಷ್ಟಾದರೂ ಹೊಂಡುರಾಸಿನ ಲೆಕ್ಕ ಬೆನ್ನು ಬಿಡುವುದಿಲ್ಲ, ಬಿಡಲೂ ಬಾರದು. ಸುರಕ್ಷಿತವಾದ, ಕೈಗೆಟಕುವ ವೆಚ್ಚದ ಶಸ್ತ್ರಚಿಕಿತ್ಸೆ ಲೋಕದ ಸುಮಾರು 500 ಕೋಟಿ ಜನರಿಗೆ ದೊರೆಯುತ್ತಿಲ್ಲವೆಂದು ಲ್ಯಾನ್ಸೆಟ್ ಆಯೋಗ 2015ರಲ್ಲಿ ಹೇಳಿತು. ಈ ಸಮುದ್ರವನ್ನು ಒಂದೆರಡು ಹಡಗುಗಳು ಬತ್ತಿಸಲಾರವು. ಆದುದರಿಂದಲೇ ಇಂದು ಶಸ್ತ್ರಕ್ರಿಯೆಯ ಜತೆಗೆ ಸ್ಥಳೀಯ ವೈದ್ಯರಿಗೂ ದಾದಿಯರಿಗೂ ತರಬೇತಿ ಕೊಡುವುದು ಹಡಗಿನ ಕೆಲಸದ ಮುಖ್ಯ ಭಾಗವಾಗಿದೆ. ಮರಳಿ ಹೋಗುವವನು ತಾನು ಮತ್ತೆ ಬೇಕಾಗದಂಥ ದಿನಕ್ಕಾಗಿ ದುಡಿದರೆ, ಅವನ ಪ್ರಯಾಣದ ಖರ್ಚಿಗೆ ಸಮಾಧಾನ ಹೇಳಬಹುದು. ತನ್ನನ್ನು ಕಾಯುತ್ತಲೇ ಇರಲಿ ಎಂದು ಬಯಸಿದರೆ, ಅದು ಸೇವೆಯ ಉಡುಪಿನಲ್ಲಿರುವ ಅಹಂಕಾರ.

ಮೊದಲ ಸಲ ಚೀಟಿ ನೋಡಿ ಒಪ್ಪಿಸಿದ ಉತ್ತರಕ್ಕೆ, ಮರಳಿ ಬಂದವಳ ಬಾಯಲ್ಲಿ ಅರ್ಥ ಬರುತ್ತದೆ. ಹಾಸಿಗೆಯ ಮೇಲಿನ ಹಿರಿಯ ಹೆಂಗಸು ಮುಖದ ಬಟ್ಟೆಯನ್ನು ಸ್ವಲ್ಪ ಸರಿಸಿ, “ನಂಗ ದೆಫ್?” ಎಂದು ಕೇಳಿದರೆ, ಕೊಡಬೇಕಾದ ಉತ್ತರ ಬಹಳ ಚಿಕ್ಕದು. ಇಲ್ಲಿಯೇ ಇದ್ದೇನೆ, ಅಷ್ಟೆ.