ಮಾತಿಗೆ ಬೀಗವುಂಟೆ?

ಮನುಷ್ಯನ ಕೈಗೆ ಕೋಳ ತೊಡಿಸಬಹುದು, ಕಾಲಿಗೆ ಸಂಕೋಲೆ ಬಿಗಿಯಬಹುದು. ಆದರೆ ಮಾತಿಗೆ ಬೀಗ ಹಾಕುವುದು ಅಷ್ಟು ಸುಲಭವಲ್ಲ. ಆದರೂ ಅಧಿಕಾರವುಳ್ಳವರು ಆ ಪ್ರಯತ್ನವನ್ನು ಕಾಲಕಾಲಕ್ಕೆ ಮಾಡುತ್ತಲೇ ಬಂದಿದ್ದಾರೆ. ಇಂಥ ಪುಸ್ತಕವನ್ನು ಓದಕೂಡದು, ಇಂಥ ನಾಟಕವನ್ನು ಆಡಕೂಡದು ಎಂದು ಅಪ್ಪಣೆ ಹೊರಡಿಸುವುದಕ್ಕೆ ನಿಷೇಧವೆಂದು ಹೆಸರು. ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗಗಳ ಸೀಮೆಯಲ್ಲಿ ಮೂವತ್ತಕ್ಕೂ ಹೆಚ್ಚು ವರ್ಷ ಕನ್ನಡ ಪಾಠ ಹೇಳಿದ ನನಗೆ, ಈ ವಿಷಯವನ್ನು ಕುರಿತು ಯೋಚಿಸುವ ಪ್ರಸಂಗಗಳು ಹಲವು ಬಂದವು. ಅವುಗಳಲ್ಲಿ ಕೆಲವನ್ನು ನಿಮ್ಮ ಮುಂದೆ ಇಡುತ್ತೇನೆ.

ಬೈಲಹೊಂಗಲದಲ್ಲಿ ಕಿತ್ತೂರ ರಾಣಿ ಚೆನ್ನಮ್ಮನ ಸಮಾಧಿಯಿದೆ. ೧೮೨೪ರಲ್ಲಿ ಇಂಗ್ಲಿಷರ ಸೈನ್ಯವನ್ನು ಎದುರಿಸಿದ ಆಕೆ, ಸೆರೆಯಾಳಾಗಿ ಈ ಊರಿನ ಕೋಟೆಯಲ್ಲಿಯೇ ೧೮೨೯ರಲ್ಲಿ ಕೊನೆಯುಸಿರೆಳೆದಳು. ಆಕೆಯ ನೆಚ್ಚಿನ ಬಂಟ ಸಂಗೊಳ್ಳಿ ರಾಯಣ್ಣನನ್ನು ೧೮೩೧ರಲ್ಲಿ ನಂದಗಡದಲ್ಲಿ ಗಲ್ಲಿಗೇರಿಸಿದರು. ರಾಜ್ಯ ಹೋಯಿತು, ಅರಮನೆ ಹಾಳಾಯಿತು. ಹಾಡು ಮಾತ್ರ ಉಳಿಯಿತು. ಓದುಬರಹ ಬಾರದ ಲಾವಣಿಕಾರರು ಡಪ್ಪು ಬಾರಿಸುತ್ತ ರಾಯಣ್ಣನ ಕಥೆಯನ್ನು ಊರಿಂದೂರಿಗೆ ಒಯ್ದರು. ಇದರಲ್ಲಿ ಒಂದು ಸ್ವಾರಸ್ಯವೂ ಇದೆ. ಮುಂಬಯಿ ಸರ್ಕಾರದ ಅಧಿಕಾರಿಯಾಗಿದ್ದ ಜೆ. ಎಫ್. ಫ್ಲೀಟ್ ಎಂಬ ಇಂಗ್ಲಿಷ್ ವಿದ್ವಾಂಸನು, ಹತ್ತೊಂಬತ್ತನೆಯ ಶತಮಾನದ ಕೊನೆಯ ಭಾಗದಲ್ಲಿ ಈ ಕಡೆಯ ಲಾವಣಿಗಳನ್ನು ಬರೆದುಕೊಂಡು, ‘ಇಂಡಿಯನ್ ಆಂಟಿಕ್ವೆರಿ’ ಎಂಬ ಪತ್ರಿಕೆಯಲ್ಲಿ ಅಚ್ಚು ಹಾಕಿಸಿದನು. ರಾಯಣ್ಣನ ಲಾವಣಿ, ಆಯುಧಗಳನ್ನು ಒಪ್ಪಿಸಲೊಲ್ಲದೆ ೧೮೫೭ರಲ್ಲಿ ದಂಗೆಯೆದ್ದ ಹಲಗಲಿಯ ಬೇಡರ ಲಾವಣಿ, ಆದಾಯ ತೆರಿಗೆಯ ಲಾವಣಿ ಇವೆಲ್ಲ ಅದರಲ್ಲಿವೆ. ತನ್ನ ಸರ್ಕಾರದ ವಿರುದ್ಧ ಎದ್ದವರ ಹಾಡನ್ನು ಆ ಸರ್ಕಾರದ ನೌಕರನೇ ಕಾಪಾಡಿಕೊಟ್ಟನು!

ಬಾಯಿಯ ಹಾಡಿಗಿಂತ ಅಚ್ಚಿನ ಪುಸ್ತಕವನ್ನು ಹಿಡಿಯುವುದು ಸುಲಭ. ಅದಕ್ಕೆ ಮುದ್ರಣಾಲಯವುಂಟು, ಮುದ್ರಕನ ಹೆಸರುಂಟು, ಮಾರುವ ಅಂಗಡಿಯುಂಟು. ಗಾಂಧೀಜಿಯವರ ‘ಹಿಂದ್ ಸ್ವರಾಜ್’ ಎಂಬ ಚಿಕ್ಕ ಪುಸ್ತಕವನ್ನು ಮುಂಬಯಿ ಸರ್ಕಾರವು ೧೯೧೦ರಲ್ಲಿ ನಿಷೇಧಿಸಿತು. ನಮ್ಮ ಬೆಳಗಾವಿ, ಧಾರವಾಡ ಜಿಲ್ಲೆಗಳು ಆಗ ಮುಂಬಯಿ ಪ್ರಾಂತಕ್ಕೆ ಸೇರಿದ್ದವು. ಒಂಬತ್ತು ವರ್ಷಗಳ ಅನಂತರ, ರೌಲತ್ ಕಾಯಿದೆಯ ವಿರುದ್ಧ ಸತ್ಯಾಗ್ರಹ ಆರಂಭವಾದ ದಿನ, ಅಂದರೆ ೧೯೧೯ರ ಏಪ್ರಿಲ್ ೬ರಂದು, ಗಾಂಧೀಜಿಯವರು ಅದನ್ನು ಮತ್ತೆ ಅಚ್ಚು ಹಾಕಿಸಿ ಮುಂಬಯಿಯ ಬೀದಿಯಲ್ಲಿ ಬಹಿರಂಗವಾಗಿ ಮಾರಿದರು. ಬೆಲೆ ನಾಲ್ಕಾಣೆ. ಒಬ್ಬರು ಒಂದು ಪ್ರತಿಗೆ ಐವತ್ತು ರೂಪಾಯಿ ಕೊಟ್ಟು ಕೊಂಡರೆಂದು ಗಾಂಧೀಜಿಯವರೇ ಆತ್ಮಕಥೆಯಲ್ಲಿ ಹೇಳಿದ್ದಾರೆ. ಕೊಂಡವರೆಲ್ಲ ಸೆರೆಮನೆಗೆ ಸಿದ್ಧರಾಗಿಯೇ ಕೊಂಡಿದ್ದರು. ಆದರೆ ನಿಷೇಧವಾದದ್ದು ಹಳೆಯ ಮುದ್ರಣ, ಇದು ಹೊಸ ಮುದ್ರಣ. ಆದ್ದರಿಂದ ಅಪರಾಧವಿಲ್ಲವೆಂದು ಸರ್ಕಾರ ಸುಮ್ಮನಾಯಿತು. ಮುಂದೆ ಐದೇ ವರ್ಷಗಳಲ್ಲಿ, ೧೯೨೪ರಲ್ಲಿ, ಆ ಪುಸ್ತಕದ ಕರ್ತೃವು ಬೆಳಗಾವಿಯಲ್ಲಿ ಸೇರಿದ ಕಾಂಗ್ರೆಸ್ ಅಧಿವೇಶನದ ಅಧ್ಯಕ್ಷರಾದರು.

ಎಲ್ಲರಿಗೂ ಹೀಗೆ ಸುಲಭವಾಗಿ ಬಿಡುಗಡೆ ದೊರೆಯಲಿಲ್ಲ. ಧಾರವಾಡದಲ್ಲಿ ಉಪಾಧ್ಯಾಯರಾಗಿದ್ದ ದ. ರಾ. ಬೇಂದ್ರೆಯವರು ‘ನರಬಲಿ’ ಎಂಬ ಕವಿತೆ ಬರೆದುದಕ್ಕಾಗಿ ೧೯೩೨ರಲ್ಲಿ ಸೆರೆವಾಸ ಅನುಭವಿಸಬೇಕಾಯಿತು. ಬೆಳಗಾವಿಯ ಹಿಂಡಲಗಾ ಸೆರೆಮನೆಯ ಬಳಿಕ ಧಾರವಾಡದ ಹತ್ತಿರದ ಮುಗದ ಎಂಬ ಹಳ್ಳಿಯಲ್ಲಿ ಅವರನ್ನು ನಿರ್ಬಂಧದಲ್ಲಿರಿಸಿದರು. ಅನಂತರ ಹಲವು ವರ್ಷ ಅವರಿಗೆ ನೆಲೆಯಾದ ಉದ್ಯೋಗವಿರಲಿಲ್ಲ. ಒಂದು ಕವಿತೆಗೆ ಇಷ್ಟು ಬೆಲೆ ತೆತ್ತರೂ ಅವರು ಬರೆಯುವುದನ್ನು ನಿಲ್ಲಿಸಲಿಲ್ಲ. ೧೯೭೩ರ ಜ್ಞಾನಪೀಠ ಪ್ರಶಸ್ತಿ ಅವರಿಗೆ ಸಂದಿತು.

ಸ್ವಾತಂತ್ರ್ಯ ಬಂದಿತು. ೧೯೫೦ರಲ್ಲಿ ಜಾರಿಗೆ ಬಂದ ನಮ್ಮ ಸಂವಿಧಾನವು ಹತ್ತೊಂಬತ್ತನೆಯ ಅನುಚ್ಛೇದದಲ್ಲಿ, ಪ್ರತಿಯೊಬ್ಬ ನಾಗರಿಕನಿಗೂ ಮಾತಿನ ಹಾಗೂ ಅಭಿವ್ಯಕ್ತಿಯ ಸ್ವಾತಂತ್ರ್ಯವನ್ನು ನೀಡಿತು. ಆ ಸ್ವಾತಂತ್ರ್ಯಕ್ಕೆ ಮೇರೆಯೂ ಉಂಟು. ಸುಳ್ಳು ಹೇಳಿ ಒಬ್ಬರ ಮಾನ ಕಳೆಯುವುದಕ್ಕಾಗಲಿ, ಅಪರಾಧಕ್ಕೆ ಜನರನ್ನು ಪ್ರಚೋದಿಸುವುದಕ್ಕಾಗಲಿ ಅದು ರಕ್ಷಣೆ ಕೊಡುವುದಿಲ್ಲ. ಆದರೆ ಆ ಮೇರೆಯನ್ನು ಕಾನೂನು ಗೊತ್ತುಪಡಿಸಬೇಕು, ನ್ಯಾಯಾಲಯ ಪರಿಶೀಲಿಸಬೇಕು. ಸಿಟ್ಟಿಗೆದ್ದವರು ಬಾಗಿಲಲ್ಲಿ ನಿಂತು ಗೊತ್ತುಪಡಿಸುವುದಲ್ಲ.

ಏಕೆಂದರೆ ಮಾತಿಗೆ ಬೀಗ ಹಾಕುವುದು ಸರ್ಕಾರವೊಂದೇ ಅಲ್ಲ. ಧಾರವಾಡದ ಸಂಶೋಧಕ ಎಂ. ಎಂ. ಕಲಬುರ್ಗಿಯವರು ತಮ್ಮ ‘ಮಾರ್ಗ’ ಸಂಪುಟದಲ್ಲಿ ಶರಣರ ಚರಿತ್ರೆಯನ್ನು ಕುರಿತು ಬರೆದ ಕೆಲವು ಮಾತುಗಳು ಹಲವರನ್ನು ಕೆರಳಿಸಿದವು. ಒತ್ತಡಕ್ಕೆ ಸಿಕ್ಕ ಅವರು ೧೯೮೯ರಲ್ಲಿ ಆ ಮಾತುಗಳನ್ನು ಹಿಂದಕ್ಕೆ ಪಡೆದರು. ಅವರ ಲೇಖನಿಯನ್ನು ತಡೆದದ್ದು ನ್ಯಾಯಾಲಯದ ತೀರ್ಪಲ್ಲ. ಮನೆಯವರ ಜೀವದ ಚಿಂತೆ. ಅವರ ಸಂಶೋಧನೆ ಮುಂದುವರಿಯಿತು. ‘ಮಾರ್ಗ’ದ ನಾಲ್ಕನೆಯ ಸಂಪುಟಕ್ಕೆ ೨೦೦೬ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ದೊರೆಯಿತು. ೨೦೧೫ರ ಆಗಸ್ಟ್ ೩೦ರ ಬೆಳಿಗ್ಗೆ ಅವರನ್ನು ಧಾರವಾಡದ ಅವರ ಮನೆಯಲ್ಲಿಯೇ ಗುಂಡಿಟ್ಟು ಕೊಂದರು. ಪುಸ್ತಕದ ಮಾತು ತಪ್ಪೆನಿಸಿದರೆ ಅದಕ್ಕೆ ಉತ್ತರವಾಗಿ ಇನ್ನೊಂದು ಪುಸ್ತಕ ಬರೆಯಬಹುದು. ಕೊಂದ ಮೇಲೆ ವಾದಿಸುವುದು ಯಾರೊಡನೆ?

ಮಾತಿಗೆ ಮಾತೇ ಉತ್ತರವಾಗಬೇಕು ಎಂಬುದನ್ನು ನಾನು ಕಣ್ಣಾರೆ ಕಂಡದ್ದು ಒಂದು ಹಳ್ಳಿಯ ಶಾಲೆಯಲ್ಲಿ. ಅಲ್ಲಿಯ ಗ್ರಂಥಾಲಯದಲ್ಲಿ ಒಂದು ಕಾದಂಬರಿಯಿತ್ತು. ಅದರಲ್ಲಿ ಬರುವ ಗೌಡನೊಬ್ಬ ಬಡ ರೈತನಿಗೆ ಕಾಳು ಕಡ ಕೊಟ್ಟು, ಕೊನೆಗೆ ಅವನ ಹೊಲವನ್ನೇ ನುಂಗುತ್ತಾನೆ. ಊರಿನ ಹಿರಿಯರೊಬ್ಬರು ಅದನ್ನು ಹಿಡಿದುಕೊಂಡು ನನ್ನಲ್ಲಿಗೆ ಬಂದರು.

“ಸರ, ಈ ಪುಸ್ತಕ ಸಾಲ್ಯಾಗ ಇಡಬ್ಯಾಡ್ರಿ. ನಮ್ಮಂಥಾ ಮನಿತನದ ಮಾನಾ ಹೋಗ್ತದ.”

“ಪೂರ್ತಿ ಓದೀರೇನ್ರಿ, ಗೌಡ್ರ?”

“ಹುಡುಗ ಒಂದು ಹಾಳಿ ಓದಿ ತೋರಿಸ್ಯಾನ.”

“ಹಂಗಾರ ಎಂಟು ದಿನಾ ನೀವ ಇಟಗೊಂಡು ಓದ್ರಿ. ಆಮ್ಯಾಲೆ ಮಾತಾಡೂಣು.”

ಹತ್ತು ದಿನಗಳ ಮೇಲೆ ಅವರು ಮರಳಿ ಬಂದರು. ಪುಸ್ತಕ ಅವರಿಗೆ ಮೆಚ್ಚುಗೆಯಾಗಿರಲಿಲ್ಲ. ಬರೆದವನು ಒಂದೇ ಮಗ್ಗುಲನ್ನು ಬರೆದಿದ್ದಾನೆಂಬುದು ಅವರ ಆಕ್ಷೇಪ. ಹಾಗಾದರೆ ಇನ್ನೊಂದು ಮಗ್ಗುಲನ್ನು ನಮ್ಮ ಮಕ್ಕಳಿಗೆ ನೀವೇ ಹೇಳಿರೆಂದು ಕೇಳಿಕೊಂಡೆ. ಮುಖ್ಯೋಪಾಧ್ಯಾಯರೂ ಒಪ್ಪಿದರು. ಒಂದು ಶನಿವಾರ ಅವರು ಒಂಬತ್ತನೆಯ ತರಗತಿಯ ಮುಂದೆ ನಿಂತು, ಬರಗಾಲದಲ್ಲಿ ತಮ್ಮ ಅಜ್ಜ ಹಗೇವು ತೆರೆಯಿಸಿ ಊರಿಗೆಲ್ಲ ಜೋಳ ಅಳೆದುಕೊಟ್ಟ ಕಥೆಯನ್ನು ಹೇಳಿದರು. ಮಕ್ಕಳು ಮೈಯೆಲ್ಲ ಕಿವಿಯಾಗಿ ಕೇಳಿದರು. ಕೊನೆಗೆ ಹಿಂದಿನ ಸಾಲಿನ ಹುಡುಗಿಯೊಬ್ಬಳು ಎದ್ದು, “ಅಜ್ಜಾರ, ಆ ಜ್ವಾಳಾ ತಿರುಗಿ ಕೊಡೂಮುಂದ ಎಷ್ಟು ಕೊಡಬೇಕಿತ್ರಿ?” ಎಂದು ಕೇಳಿದಳು. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, “ಒಂದಕ್ಕ ಒಂದೂವರಿ ಅವ್ವಾ” ಎಂದರು.

ಆ ಹಿರಿಯರ ಬಗ್ಗೆ ನನಗೆ ಗೌರವ ಹೆಚ್ಚಿದ್ದು ಆ ಗಳಿಗೆಯಲ್ಲಿ. ಕಾದಂಬರಿ ಗ್ರಂಥಾಲಯದಲ್ಲಿಯೇ ಉಳಿಯಿತು. ಅವರು ಹೇಳಿದ ಕಥೆಯನ್ನು ಮಕ್ಕಳು ಬರೆದು ಶಾಲೆಯ ಗೋಡೆ ಪತ್ರಿಕೆಗೆ ಹಚ್ಚಿದರು. ಪುಸ್ತಕವನ್ನು ತೆಗೆದುಹಾಕಿದ್ದರೆ ಈ ಎರಡು ಮಗ್ಗುಲುಗಳೂ ಆ ಮಕ್ಕಳಿಗೆ ದೊರೆಯುತ್ತಿರಲಿಲ್ಲ.

ನೀವು ಒಂದು ಪ್ರಶ್ನೆ ಕೇಳಬಹುದು: “ಪಠ್ಯಪುಸ್ತಕಕ್ಕೆ ಕೆಲವೇ ಪಾಠಗಳನ್ನು ಆರಿಸುತ್ತಾರಲ್ಲ, ಉಳಿದವುಗಳಿಗೆ ಅದು ನಿಷೇಧವಲ್ಲವೆ?” ಅಲ್ಲ. ಪುಟಗಳು ಮಿತವಾಗಿರುವುದರಿಂದ ಆಯ್ಕೆ ಅನಿವಾರ್ಯ. ಆ ಆಯ್ಕೆಯನ್ನು ಯಾರು ಬೇಕಾದರೂ ಪ್ರಶ್ನಿಸಬಹುದು. ೨೦೨೨ರಲ್ಲಿ ನಮ್ಮ ರಾಜ್ಯದ ಪಠ್ಯಗಳಲ್ಲಿ ಯಾವ ಪಾಠವಿರಬೇಕೆಂಬುದನ್ನು ಕುರಿತು ದೊಡ್ಡ ವಿವಾದವೇ ನಡೆಯಿತು; ೨೦೨೩ರಲ್ಲಿ ಕೆಲವು ಪಾಠಗಳು ಮತ್ತೆ ಬದಲಾದವು. ಪಠ್ಯದಲ್ಲಿ ಇಲ್ಲದ್ದನ್ನು ಗ್ರಂಥಾಲಯದಲ್ಲಿ ಹುಡುಕಿ ಓದುವ ದಾರಿ ತೆರೆದಿರುವವರೆಗೆ ಅದು ಆಯ್ಕೆ. ಆ ದಾರಿಯನ್ನೂ ಮುಚ್ಚಿದರೆ ಅದು ನಿಷೇಧ.

ಆದರೆ ಯಾರ ಅಪ್ಪಣೆಯೂ ಇಲ್ಲದೆ ಈ ದಾರಿ ಮುಚ್ಚಿಹೋಗುವುದುಂಟು. ಎಷ್ಟೋ ಶಾಲೆಗಳಲ್ಲಿ ಪುಸ್ತಕಗಳ ಕಪಾಟಿಗೆ ವರ್ಷವಿಡೀ ಬೀಗವಿರುತ್ತದೆ. ಪುಸ್ತಕ ಕಳೆದರೆ ಲೆಕ್ಕ ಕೊಡಬೇಕೆಂಬ ಅಂಜಿಕೆ ಗುರುಗಳಿಗೆ. ಕೇಳಿದರೆ ಬೈಯುತ್ತಾರೆಂಬ ಅಂಜಿಕೆ ಮಕ್ಕಳಿಗೆ. ಒಳಗೆ ಗೆದ್ದಲು ಮಾತ್ರ ನಿರಾತಂಕವಾಗಿ ಓದುತ್ತಿರುತ್ತದೆ! ನಿಮ್ಮ ಶಾಲೆಯ ಕಪಾಟಿಗೂ ಬೀಗವಿದ್ದರೆ, ನಾಳೆ ನಾಲ್ವರು ಕೂಡಿ ಹೋಗಿ ವಿನಯದಿಂದ ಕೀಲಿಕೈ ಕೇಳಿರಿ. ಒಯ್ದ ಪುಸ್ತಕವನ್ನು ವಹಿಯಲ್ಲಿ ಬರೆಯಿಸಿ, ಓದಿ, ಹೇಳಿದ ದಿನಕ್ಕೆ ಮರಳಿ ಕೊಡಿರಿ. ಓದಿದ್ದರಲ್ಲಿ ಒಪ್ಪಿಗೆಯಾಗದ ಮಾತಿದ್ದರೆ, ಏಕೆ ಒಪ್ಪುವುದಿಲ್ಲವೆಂಬುದನ್ನು ನಿಮ್ಮ ಹೆಸರು ಹಾಕಿ ಒಂದು ಹಾಳೆಯಲ್ಲಿ ಬರೆಯಿರಿ.