ಸಹಿ ಹಾಕುವ ಮುನ್ನ

ಟಿವಿ ನ್ಯೂಸ್‌ರೂಮುಗಳ ಬಗ್ಗೆ ಪಿಎಚ್‌ಡಿ ಮಾಡುತ್ತಿರುವುದರಿಂದ, ಚಾನೆಲ್‌ನಿಂದ ಆಫರ್ ಲೆಟರ್ ಬಂದ ಜೂನಿಯರ್‌ಗಳು ಅದನ್ನು ನನಗೆ ವಾಟ್ಸಾಪ್ ಮಾಡುತ್ತಾರೆ. ಸಂಬಳದ ಸಾಲನ್ನು ಹತ್ತು ಸಲ ಓದಿರುತ್ತಾರೆ, ಉಳಿದ ಪುಟಗಳನ್ನು ಒಂದು ಸಲವೂ ಓದಿರುವುದಿಲ್ಲ.

ನಾನು ಮೊದಲು ನೋಡುವುದು, ಅವರನ್ನು ಏನೆಂದು ಕರೆದಿದ್ದಾರೆ ಎಂಬುದನ್ನು. 'ಉದ್ಯೋಗಿ'ಯೋ, 'ಕನ್ಸಲ್ಟೆಂಟೋ'? ಡೆಸ್ಕ್ ಅದೇ, ನೈಟ್ ಶಿಫ್ಟೂ ಅದೇ. ಆದರೆ ಕನ್ಸಲ್ಟೆಂಟ್‌ಗೆ ಸಿಗುವುದು ಸಂಬಳವಲ್ಲ, ಶುಲ್ಕ. ಸಾಮಾನ್ಯವಾಗಿ ಶೇ. 10 ಟಿಡಿಎಸ್ ಮುರಿದುಕೊಳ್ಳುತ್ತಾರೆ. ಪಿಎಫ್ ಇಲ್ಲ, ಗ್ರಾಚ್ಯುಟಿ ಇಲ್ಲ.

ಆಮೇಲೆ ಬಾಂಡ್. ಗದಗಿನ ಕಡೆಯ ಹುಡುಗಿಯೊಬ್ಬಳಿಗೆ ತಿಂಗಳಿಗೆ ಹದಿನೆಂಟು ಸಾವಿರ ಸಂಬಳ. ಎರಡು ವರ್ಷದೊಳಗೆ ಬಿಟ್ಟರೆ ಒಂದೂವರೆ ಲಕ್ಷ ಕಟ್ಟಬೇಕು. ಬಿಟ್ಟ ಮೇಲೆ ಆರು ತಿಂಗಳು ಬೇರೆ ಚಾನೆಲ್ ಸೇರುವಂತಿಲ್ಲ. "ಇವೆಲ್ಲಾ ಕೋರ್ಟ್‌ನ್ಯಾಗ ನಿಲ್ಲಂಗಿಲ್ಲಂತಲ್ರೀ ಅಕ್ಕಾ?" ಅಂದಳು.

ಅರ್ಧ ನಿಜ. 1872ರ ಕರಾರು ಕಾಯ್ದೆಯ 27ನೇ ಸೆಕ್ಷನ್ ಪ್ರಕಾರ, ಕೆಲಸ ಬಿಟ್ಟವರನ್ನು ಬೇರೆಡೆ ದುಡಿಯದಂತೆ ತಡೆಯುವ ಷರತ್ತು ಸಾಮಾನ್ಯವಾಗಿ ಅಸಿಂಧು. ಬಾಂಡಿನ ಕತೆ ಬೇರೆ. ಮೂರು ವರ್ಷದೊಳಗೆ ಬಿಟ್ಟರೆ ಎರಡು ಲಕ್ಷ ಕಟ್ಟಬೇಕೆಂಬ ವಿಜಯಾ ಬ್ಯಾಂಕಿನ ಷರತ್ತನ್ನು ಸುಪ್ರೀಂ ಕೋರ್ಟ್ 2025ರ ಮೇ ತಿಂಗಳಲ್ಲಿ ಎತ್ತಿಹಿಡಿಯಿತು. ಅದು ಸರ್ಕಾರಿ ಬ್ಯಾಂಕು, ಅಧಿಕಾರಿಯ ಹುದ್ದೆ. ನೇಮಕಾತಿಯ ಖರ್ಚನ್ನೂ ಕೋರ್ಟ್ ಗಣನೆಗೆ ತೆಗೆದುಕೊಂಡಿತ್ತು. ಚಾನೆಲ್ಲಿಗೂ ಇದೇ ಅಳತೆ ಎನ್ನಲಾಗದು. 74ನೇ ಸೆಕ್ಷನ್ ಸಹ ನ್ಯಾಯವೆನಿಸುವಷ್ಟು ಪರಿಹಾರವನ್ನಷ್ಟೇ ಕೊಡಿಸುತ್ತದೆ. ಬರೆದ ಮೊತ್ತ ಅದರ ಮೇಲ್ಮಿತಿ. ಆದರೆ ಹದಿನೆಂಟು ಸಾವಿರದ ಹುಡುಗಿ ಇದನ್ನು ವಾದಿಸಲು ವಕೀಲರನ್ನು ಎಲ್ಲಿಂದ ಹಿಡಿಯಬೇಕು? ಕೋರ್ಟಿನಲ್ಲಿ ನಿಲ್ಲದ ಷರತ್ತೂ ಮನುಷ್ಯರನ್ನು ಕುರ್ಚಿಗೆ ಕಟ್ಟಿಹಾಕಬಲ್ಲದು.

ಇನ್ನು ನೋಟಿಸ್. ಪತ್ರಕರ್ತರಿಗೆಂದೇ ಮಾಡಿದ 1955ರ ಕಾಯ್ದೆ ಸಂಪಾದಕರಿಗೆ ಆರು ತಿಂಗಳು, ಉಳಿದ ಪತ್ರಕರ್ತರಿಗೆ ಮೂರು ತಿಂಗಳ ನೋಟಿಸ್ ಕೊಡಿಸಿತ್ತು. ಆದರೆ ಅದು ಪತ್ರಿಕೆಗಳಿಗೆ. ಟಿವಿಯವರು ಹೊರಗೇ ಉಳಿದರು. ವಿದ್ಯುನ್ಮಾನ ಮಾಧ್ಯಮದವರನ್ನೂ ಪತ್ರಕರ್ತರೆಂದು ಲೆಕ್ಕಕ್ಕೆ ಹಿಡಿದದ್ದು 2020ರ ಕಾರ್ಮಿಕ ಸಂಹಿತೆ. ಈ ಹುಡುಗಿಯ ಪತ್ರದಲ್ಲಿ ಅವಳು ಕೊಡಬೇಕಾದ್ದು ಮೂರು ತಿಂಗಳು, ಚಾನೆಲ್ ಕೊಡುವುದು ಹದಿನೈದು ದಿನ.

ಅವಳು ಎಚ್‌ಆರ್‌ಗೆ ಮೇಲ್ ಬರೆದು ಮೂರು ಪ್ರಶ್ನೆ ಕೇಳಿದಳು: ನೋಟಿಸ್ ಎರಡೂ ಕಡೆ ಸಮ ಮಾಡುತ್ತೀರಾ? ತರಬೇತಿ ಏನು, ಅದಕ್ಕೆ ಖರ್ಚೆಷ್ಟು? ಮೂಲ ಅಂಕಪಟ್ಟಿ ಇಟ್ಟುಕೊಳ್ಳುತ್ತೀರಾ? ನೋಟಿಸ್ ಒಂದೊಂದು ತಿಂಗಳಾಯಿತು. ಅಂಕಪಟ್ಟಿಗೆ ಜೆರಾಕ್ಸ್ ಸಾಕೆಂದರು. ಬಾಂಡ್ ಮಾತ್ರ ಅಲುಗಲಿಲ್ಲ. ತರಬೇತಿಯ ಪ್ರಶ್ನೆಗೆ ಉತ್ತರವೂ ಬರಲಿಲ್ಲ. ಎರಡು ವರ್ಷ ಇರುವುದೇ ಸೈ ಎಂದು ಲೆಕ್ಕ ಹಾಕಿ, ಎಲ್ಲ ಪುಟಗಳ ಪ್ರತಿ ಇಟ್ಟುಕೊಂಡು ಸಹಿ ಮಾಡಿದಳು.

ಬೇರೆಯವರ ಬಾಯಿಗೆ ಮೈಕ್ ಹಿಡಿದು ಪ್ರಶ್ನೆ ಕೇಳುವುದು ಈ ವೃತ್ತಿ. ಅದರ ಮೊದಲ ಪ್ರಶ್ನೆಯನ್ನು ಸ್ವಂತಕ್ಕಾಗಿ ಕೇಳಿಕೊಂಡರೆ ಯಾರೂ ಆಫರ್ ವಾಪಸ್ ತೆಗೆದುಕೊಳ್ಳಬಾರದು. ತೆಗೆದುಕೊಂಡರೆ, ಅಲ್ಲಿ ಮುಂದೆ ಏನು ಕಾದಿತ್ತೆಂಬುದು ಆಗಲೇ ತಿಳಿದಂತಾಯಿತು.